ಗೋಣಿಯೊಳಗಿನ ಚಾದರ

7 ಫೆಬ್ರವರಿ 2025, ಶುಕ್ರವಾರ

ಮೊದಲ ಟ್ರಿಪ್. ವಾಗದರಿ–ಅಕ್ಕಲಕೋಟ–ಸೋಲಾಪುರ. ಎಪ್ಪತ್ತೈದು ದಾಟಿದೆ ಎಂದು ಒಬ್ಬ ಪುಕ್ಕಟೆ ಕೂತ. ಮೀಸೆಗೆ ಕಪ್ಪು ಹಚ್ಚಿದ್ದ. ಆಧಾರ್ ಕೇಳಿದೆ. ಎಪ್ಪತ್ತಾರು. ಕಾರ್ಡು ಸರಿ ಇತ್ತು. ಆದರೂ ಫೋಟೊ ಎರಡು ಸಲ ನೋಡಿದೆ. ಇಪ್ಪತ್ತೊಂಬತ್ತು ವರ್ಷ ಕಂಡಕ್ಟರಿಕೆ ಮಾಡಿದ ಮೇಲೆ ಮುಖ ನೋಡಿ ನಂಬುವ ಚಟ ಹೋಗಿಬಿಡುತ್ತದೆ.

ಬಸ್ಸಿನಲ್ಲಿ ಒಂದೇ ಮಾತು — ಕಬಡ್ಡಿ. ಭಾನುವಾರ ಸೆಮಿಫೈನಲ್. ಹತ್ತೊಂಬತ್ತು ವರ್ಷ ಕಪ್ಪಿನ ಮುಖ ಕಾಣದ ಸೋಲಾಪುರ ಎರಡು ವರ್ಷದಿಂದ ಬಿಟ್ಟುಕೊಟ್ಟಿಲ್ಲ. ಈಗ ಮೂರನೆಯದು ಬೇಕಂತೆ. ಮಗ್ಗದವರು ಆಗಲೇ ನಾಲ್ಕನೆಯದರ ಲೆಕ್ಕದಲ್ಲಿದ್ದಾರೆ. ಸ್ಟ್ಯಾಂಡಿನಲ್ಲಿ ಚಹಾದ ಕೈಲಾಸ — ನಮ್ಮ ಅಭಿಮಾನಿ ಬಳಗದ ಅಧ್ಯಕ್ಷ, ತಾನೇ ಮಾಡಿಕೊಂಡ ಅಧ್ಯಕ್ಷ — "ಪಕ್ಕಾ ಅದ, ಅಂಬಾರಾಯ" ಎಂದ. ಪಕ್ಕಾ ಎಂದವರನ್ನು ಕಂಡರೆ ನನಗೆ ಮೊದಲಿನಿಂದ ಅನುಮಾನ.

ಈ ಡೈರಿ ಕನ್ನಡದಲ್ಲಿ ಬರೆಯುವುದಕ್ಕೂ ಅದೇ ಕಾರಣ. ಡೆಪೋದಲ್ಲಿ ಎಲ್ಲರೂ ಮರಾಠಿ ಕಲಿತವರು, ಯಾರಿಗೂ ಓದಲು ಬರುವುದಿಲ್ಲ.

9 ಫೆಬ್ರವರಿ, ಭಾನುವಾರ. ಸಂಜೆ

ಗೆದ್ದರು. ಧೀರಜ ಒಬ್ಬನೇ ಹದಿನಾಲ್ಕು ಪಾಯಿಂಟ್. ಕೂಗಿ ಕೂಗಿ ಗಂಟಲು ಹೋಗಿದೆ. ನಾಳೆ ಟಿಕೆಟ್ ಟಿಕೆಟ್ ಎನ್ನಲು ದನಿ ಇಲ್ಲ.

ಧೀರಜ ನನ್ನ ಅಕ್ಕ ಲೀಲಾಬಾಯಿಯ ಮಗ. ಊರು ವಾಗದರಿ. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಚಾದರದ ಕಾರ್ಖಾನೆಯಲ್ಲಿ ಮಗ್ಗ ನೋಡಿಕೊಳ್ಳುತ್ತಾನೆ. ದಿನಾ ನನ್ನ ಬಸ್ಸಿಗೇ ಹತ್ತುತ್ತಾನೆ, ನನ್ನ ಸೀಟಿನ ಪಕ್ಕದಲ್ಲೇ ಕೂರುತ್ತಾನೆ. ನಾನು ಕೇಳುವ ಮೊದಲೇ ಕೈ ಚಾಚಿ, "ಮಾಮಾ, ಒಂದು ವಾಗದರಿ." ಸೋದರಮಾವ ಎಂದು ಒಂದು ದಿನ ಟಿಕೆಟ್ ತಪ್ಪಿಸಿದವನಲ್ಲ. ಅದನ್ನು ನೆನೆದರೆ ಎದೆ ಉಬ್ಬುತ್ತದೆ. ಅವನಿಗೆ ಮಾತ್ರ ಹೇಳಿಲ್ಲ.

ಹೋದ ವರ್ಷದ ಚಾದರ ನಮ್ಮ ಮನೆಯಲ್ಲಿದೆ. ಗೆದ್ದವರಿಗೆ ಮೈದಾನದಲ್ಲೇ ಹೊದಿಸುವ ಚಾದರ — ತಂಡದ ಹೆಸರು, ಇಸವಿ ಎಲ್ಲ ನೇಯ್ಗೆಯಲ್ಲೇ. ಹೊದಿಸಿಕೊಂಡು ಸೀದಾ ಜನರೊಳಗೆ ಬಂದು ನನ್ನ ಹೆಗಲಿಗೆ ಹಾಕಿದ್ದ. ಅತ್ತಿದ್ದೆ. ಕೈಲಾಸ ಅದನ್ನು ಇವತ್ತಿಗೂ ಹೇಳಿ ಕಾಡಿಸುತ್ತಾನೆ.

ಮುಂದಿನ ಭಾನುವಾರ ಫೈನಲ್. ಎದುರಿಗೆ ಸಾಂಗಲಿ. ರಾಜ್ಯ ತಂಡದ ಆಯ್ಕೆಯವರು ನೋಡಲು ಬರುತ್ತಾರಂತೆ. ಧೀರಜನಿಗೆ ಇಪ್ಪತ್ತೈದು. ಇದೇ ಸಮಯ.

11 ಫೆಬ್ರವರಿ, ಮಂಗಳವಾರ

ಬರೆಯಲೋ ಬೇಡವೋ...

ಸಂಜೆ ಟ್ರಿಪ್. ಎಂಐಡಿಸಿ ಸ್ಟಾಪಿನಲ್ಲಿ ಧೀರಜ ಹತ್ತಿದ. ಜೊತೆಗೆ ಒಂದು ಗೋಣಿಗಂಟು, ಬಾಯಿ ಹೊಲಿದದ್ದು. ನನ್ನ ಪಕ್ಕಕ್ಕೆ ಬರಲಿಲ್ಲ. ಸೀದಾ ಹಿಂದಿನ ಸೀಟಿಗೆ ಹೋದ.

"ಏನದ ಅದರಾಗ?"

"ಕಾರ್ಖಾನಿ ಮಾಲು, ಮಾಮಾ. ಲಗೇಜ ಟಿಕೀಟ ಹರಿರಿ."

ಕಣ್ಣು ಕೊಟ್ಟು ಮಾತಾಡಲಿಲ್ಲ. ಅಕ್ಕಲಕೋಟ ದಾಟಿದ ಮೇಲೆ ರಸ್ತೆ ಗೊತ್ತಲ್ಲ — ಬಸ್ಸು ಕುಣಿಯಿತು, ಹೊಲಿಗೆ ಒಂದು ಗೇಣು ಬಿಚ್ಚಿತು. ನಾನು ಟಿಕೆಟ್ ನೋಡುತ್ತ ಅಲ್ಲೇ ನಿಂತಿದ್ದೆ. ಕೆಂಪು ಚಾದರ. ಅದರಲ್ಲಿ ಬಿಳಿ ಅಕ್ಷರ. ‘ಸಾಂಗಲಿ’. ಕೆಳಗೆ ‘ವಿಜೇತಾ ಸಂಘ 2025’ — ಗೆದ್ದ ತಂಡ.

ಫೈನಲ್‌ಗೆ ಇನ್ನೂ ಐದು ದಿನ.

ಧೀರಜ ಬಿಚ್ಚಿದ ಬಾಯಿಯ ಮೇಲೆ ಬ್ಯಾಗ್ ಇಟ್ಟ. ನಾನು ನೋಡಿದ್ದು ಅವನಿಗೆ ಗೊತ್ತಾಗಲಿಲ್ಲ. ವಾಗದರಿಯಲ್ಲಿ ಗಂಟು ಹೆಗಲಿಗೇರಿಸಿ ಇಳಿದ. ಅಲ್ಲಿ ಬಸ್ಸು ಹದಿನೈದು ನಿಮಿಷ ನಿಲ್ಲುತ್ತದೆ. ಅಕ್ಕನ ಮನೆ ಐದು ನಿಮಿಷದ ದಾರಿ. ಇಳಿಯಲಿಲ್ಲ. ಟಿಕೆಟ್ ಲೆಕ್ಕದ ವೇಬಿಲ್ ತುಂಬುತ್ತ ಕೂತೆ.

12 ಫೆಬ್ರವರಿ. ಬೆಳಿಗ್ಗೆ, ಡ್ಯೂಟಿಗೆ ಮೊದಲು

ಯಾರು ಗೆಲ್ಲುತ್ತಾರೆ ಎಂದು ಯಾರಿಗೋ ಮೊದಲೇ ಗೊತ್ತಿದೆ. ಇಲ್ಲದಿದ್ದರೆ ನೇಯುವುದು ಹೇಗೆ? ಅಕ್ಷರ ಕೂರಿಸಲು ಮಗ್ಗದ ಮೇಲಿನ ಜಕಾರ್ಡಿಗೆ ತೂತಿನ ಕಾರ್ಡು ಹೊಡೆಯಬೇಕು, ಡಿಸೈನ್ ಬೇಕು — ಎರಡು ದಿನದ ಕೆಲಸ. ಧೀರಜನೇ ಹೇಳಿದ್ದು ಅದನ್ನು.

ಸೋಮವಾರ ಪ್ರಾಕ್ಟೀಸಿಗೆ ಹೋಗಿರಲಿಲ್ಲ. ಕಾಲಲ್ಲಿ ಹೊಸ ಬೂಟು. ಫೋನು ಬಂದರೆ ಬಸ್ಸಿನ ಬಾಗಿಲ ಕಡೆ ಹೋಗಿ ಮಾತಾಡುತ್ತಾನೆ. ಮೊದಲೂ ಹಾಗೆಯೇ ಮಾಡುತ್ತಿದ್ದನೇ? ನೆನಪಿಲ್ಲ.

ರಾತ್ರಿ

ಕೇಳಿದೆ. "ನಿನ್ನಿ ಗಂಟಿನಾಗ ಏನಿತ್ತು, ಖರೆ ಹೇಳು."

"ಬೆಡ್‌ಶೀಟ್ ಆರ್ಡರ್, ಮಾಮಾ."

ಸುಳ್ಳು. ನನ್ನ ಮುಖದ ಮೇಲೇ.

ಹೆಂಡತಿ ಕಮಳಾಬಾಯಿಗೆ ಹೇಳಿದೆ. ಜೋಳದ ಹಿಟ್ಟು ನಾದುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ನಿಮ್ಮ ಕೂಡ ದಿನಾ ಬರೋ ಹುಡುಗ. ಒಂದಿನ ಟಿಕೀಟ ಇಲ್ದ ಕೂತಿಲ್ಲ. ಊರ ಮಾರ್ತಾನೇನು? ನಿಮ್ಮ ಅಕ್ಕನ ಮನಿಗೆ ಹೋಗಿ ಕೇಳ್ರಿ."

ಅವಳಿಗೇನು ಗೊತ್ತು. ಅಕ್ಕನನ್ನು ಕೇಳಿದರೆ, ತಾಯಿ ಮಗನ ಪರವಾಗಿಯೇ ಮಾತಾಡುತ್ತಾಳೆ.

13 ಫೆಬ್ರವರಿ, ಗುರುವಾರ

ಕೈಲಾಸನಿಗೆ ಹೇಳಿಬಿಟ್ಟೆ.

"ಹೊಟ್ಟ್ಯಾಗ ಇಟ್ಕೋ" ಎಂದೆ.

"ನನ್ನ ಹೊಟ್ಟಿ ಅಂದ್ರ ಬಾವಿ. ಹೇಳು."

ಹೇಳಿದೆ. ಚಹಾ ಸೋಸುತ್ತಿದ್ದವನು ಹಾಗೆಯೇ ನಿಂತ, ಅರ್ಧ ಚಹಾ ಹೊರಗೆ ಚೆಲ್ಲಿತು. "ಅಂಬಾರಾಯ, ನೀ ಹೇಳಾಕತ್ತಿ ಅಂತ ನಂಬ್ತೀನಿ" ಎಂದ.

ಮನಸ್ಸು ಹಗುರವಾಯಿತು ಎಂದು ಬರೆಯಬೇಕು. ಆಗಿಲ್ಲ.

14 ಫೆಬ್ರವರಿ, ಶುಕ್ರವಾರ

ಬಾವಿ ತುಂಬಿ ಹರಿದಿದೆ. ಬೆಳಗಿನ ಟ್ರಿಪ್ಪಿನಲ್ಲಿ ಮಗ್ಗದವರು ನನ್ನನ್ನೇ ಕೇಳಿದರು. ಒಬ್ಬ ಟೊವೆಲ್ ಅಂದ, ಇನ್ನೊಬ್ಬ ನೂರು ಚಾದರ ಅಂದ. ನಾನು ಯಾರಿಗೂ ಏನೂ ಹೇಳಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ.

ಮಧ್ಯಾಹ್ನ ಫೋನು. ಅಮೋಗಸಿದ್ಧ ಸರ್ — ತಂಡದ ಕೋಚ್.

"ಬ್ಯಾರೆ ಯಾರರ ಹೇಳಿದ್ರ ಕಿವ್ಯಾಗ ಹಾಕ್ಕೋತಿದ್ದಿಲ್ಲರಿ. ನೀವು ಸ್ವಂತ ಮಾಮಾ. ಹುಡುಗನ್ನ ಕೇಳಿದೆ. ಮಾಲಕರಿಗಿ ಮಾತ ಕೊಟ್ಟೀನಿ, ಫೈನಲ್ ಮುಗಿಯೂತನಾ ಹೇಳಂಗಿಲ್ಲ ಅಂತಾನ. ಏನಂತ ತಿಳಕೊಳ್ಳೂದು? ನೀವು ಕಣ್ಣಿಂದ ನೋಡಿದ್ದು ಖರೆ ಏನ್ರಿ?"

"ನೋಡಿದ್ದು ಖರೆ ರಿ."

"ಆತು. ಅಷ್ಟ ಸಾಕು."

ಮಾರಿಕೊಂಡಿದ್ದಾನೆ ಎಂದು ನಾನು ಹೇಳಲಿಲ್ಲ. ನೋಡಿದ್ದನ್ನು ಮಾತ್ರ ಹೇಳಿದೆ. ನೋಡಿದ್ದು ನಿಜವೇ ಅಲ್ಲವೇ.

ಸಂಜೆ ಧೀರಜ ನನ್ನ ಬಸ್ಸಿಗೆ ಬರಲಿಲ್ಲ.

16 ಫೆಬ್ರವರಿ, ಭಾನುವಾರ

ಸೋತರು. ಎರಡು ಪಾಯಿಂಟಿನಿಂದ.

ಧೀರಜನನ್ನು ಆಡಿಸಲಿಲ್ಲ. ನಲವತ್ತು ನಿಮಿಷವೂ ಬೆಂಚಿನ ಮೇಲೆ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ತಯಾರಾಗಿ. ಕೊನೆಯ ರೇಡಿಗೆ ಎದ್ದು ನಿಂತ. ಅಮೋಗಸಿದ್ಧ ಸರ್ ಅವನತ್ತ ನೋಡಲಿಲ್ಲ. ಬೇರೆಯವನು ಹೋದ, ಬೋನಸ್ ಗೆರೆಯ ಹತ್ತಿರವೇ ಹಿಡಿದರು. ಆಯ್ಕೆಯವರು ಪುಸ್ತಕ ಮುಚ್ಚಿ ಎದ್ದರು. ಅದರಲ್ಲಿ ನಮ್ಮ ಹುಡುಗನ ಹೆಸರಿನ ಮುಂದೆ ಏನೂ ಬರೆದಿರಲಿಕ್ಕಿಲ್ಲ.

ಶೀಟಿ ಊದಿ ಹತ್ತು ನಿಮಿಷಕ್ಕೆ ಸಾಂಗಲಿಯವರಿಗೆ ಚಾದರ ಹೊದಿಸಿದರು. ಅದೇ ಕೆಂಪು. ಅದೇ ಬಿಳಿ ಅಕ್ಷರ. ಕೈಲಾಸ ನನ್ನ ತೋಳು ಹಿಡಿದ. "ನೀ ಹೇಳಿದ್ದು ಖರೆ ಆತು ನೋಡು. ನೀ ಇಲ್ಲಂದ್ರ ನಮಗ ಗೊತ್ತ ಆಗ್ತಿದ್ದಿಲ್ಲ."

ಸುತ್ತಲಿನವರು ನನ್ನನ್ನು ಮೆಚ್ಚಿ ನೋಡಿದರು. ನನಗೂ ಒಂದು ಕ್ಷಣ ಹೆಮ್ಮೆಯೇ ಆಯಿತು. ಸುಳ್ಳೇಕೆ.

ಧೀರಜ ಬೆಂಚಿನಿಂದ ನನ್ನತ್ತ ನೋಡಿದ. ಈ ಸಲ ಕಣ್ಣು ತಪ್ಪಿಸಲಿಲ್ಲ. ತಪ್ಪಿಸಿದವನು ನಾನು.

18 ಫೆಬ್ರವರಿ, ಮಂಗಳವಾರ

ಕಮಳಾಬಾಯಿ ಹೊದಿಕೆ ಒಗೆಯಲು ತೆಗೆದಿದ್ದಳು. ಹೋದ ವರ್ಷದ ಚಾದರವನ್ನು ನನ್ನ ಮುಂದೆ ಹಾಸಿದಳು. ‘ಸೋಲಾಪುರ. ವಿಜೇತಾ ಸಂಘ 2024’.

"ಇದನ್ನ ಯಾವಾಗ ನೇಯ್ದಿದ್ರು ರಿ?"

"ಯಾವಾಗಂದ್ರ?"

"ಅವ ಇದನ್ನ ಹೊತ್ತಗೊಂಡ ಮೈದಾನದಾಗ ನಿಮ್ಮ ಕಡಿ ಓಡಿ ಬಂದ ಅಂತ ವರ್ಷಪೂರ್ತಿ ಹೇಳ್ತೀರಲ್ಲ. ಆಟ ಮುಗದು ಹತ್ತ ನಿಮಿಷದಾಗ ಹೆಸರು ಹೆಂಗ ಬಂತು?"

ಅಷ್ಟು ಹೇಳಿ ಬಕೆಟ್ ಹಿಡಿದು ಹೋದಳು.

ಕೂತೇ ಇದ್ದೇನೆ. ಎರಡು ವರ್ಷ ಕಣ್ಣೆದುರಿಗೆ ಹೊದಿಸಿದರು. ಎರಡು ಸಲವೂ ಹತ್ತೇ ನಿಮಿಷದಲ್ಲಿ. ಎಪ್ಪತ್ತಾರರ ಮುದುಕನ ಆಧಾರ್ ಎರಡು ಸಲ ನೋಡುವ ನಾನು, ಗೆದ್ದ ದಿನ ಒಂದು ಪ್ರಶ್ನೆ ಕೇಳಲಿಲ್ಲ. ನಮ್ಮ ಹೆಸರಿತ್ತಲ್ಲ.

19 ಫೆಬ್ರವರಿ, ಬುಧವಾರ

ವಾಗದರಿ. ಬಸ್ಸು ನಿಂತ ಕೂಡಲೇ ಇಳಿದೆ. ಡ್ರೈವರಿಗೆ ಬರುತ್ತೇನೆ ಎಂದಷ್ಟೇ ಹೇಳಿದೆ.

ಅಕ್ಕ ಅಂಗಳದಲ್ಲಿ ಕೂತಿದ್ದಳು. ಮಡಿಲ ಮೇಲೆ ಕೆಂಪು ಚಾದರ. ಅಂಚಿನ ಗೊಂಡೆ ಬಿಚ್ಚುತ್ತಿದ್ದಳು. ಪಕ್ಕದಲ್ಲಿ ಇನ್ನಷ್ಟು. ಎಲ್ಲದರ ಮೇಲೂ ‘ಸೋಲಾಪುರ. ವಿಜೇತಾ ಸಂಘ 2025’.

ಗೊಂಡೆ ಕಟ್ಟುವ ಕೆಲಸ ಕಾರ್ಖಾನೆಯವರು ಇವಳಿಗೆ ಕೊಡುತ್ತಾರಂತೆ. ಎರಡು ವರ್ಷದಿಂದ. ನನಗೆ ಗೊತ್ತಿರಲಿಲ್ಲ. ದಿನಾ ಎರಡು ಸಲ ಈ ಊರಿಗೆ ಬರುತ್ತೇನೆ.

"ಫೈನಲ್‌ಗೆ ಬಂದ ಎರಡೂ ಕಡೀಂವು ನೇಯ್ತಾರ, ಅಂಬು" ಎಂದಳು. ಬೈಯುವ ದನಿ ಇರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹನ್ನೆರಡು ಅವರವು, ಹನ್ನೆರಡು ನಮ್ಮವು. ಗೆದ್ದವರವು ಮೈದಾನಕ್ಕ. ಸೋತವರವು ವಾಪಸ್ ಬರ್ತಾವ, ಬಿಚ್ಚಿ ಕೊಡಬೇಕು. ಮೊದಲು ಅವರವು ತಂದ, ಶುಕ್ರವಾರ ಬ್ಯಾರೆ ಬಸ್ಸಿನಾಗ ನಮ್ಮವು. ಯಾರಿಗೂ ಹೇಳಬ್ಯಾಡ ಅಂದಿದ್ರು ಮಾಲಕರು. ಎದುರಿನವರ ಹೆಸರು ನೇಯ್ದದ್ದು ಗೊತ್ತಾದ್ರ ಜನ ಕಾರ್ಖಾನಿಗಿ ಕಲ್ಲ ಒಗಿತಾರಂತ."

ಗೊಂಡೆಯ ಗಂಟು ಬಿಚ್ಚಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದಳು.

"ನಮ್ಮವಕ್ಕ ಗಂಟು ಒಂದೊಂದು ಜಾಸ್ತಿ ಹಾಕೀನಿ. ಈಗ ಬಿಚ್ಚಾಕ ನನಗ ತ್ರಾಸು."

"ಧೀರಜ?"

"ಒಳಗ ಅದಾನ. ಮೂರು ದಿನ ಆತು, ಕೆಲಸಕ್ಕ ಹೋಗಿಲ್ಲ. ಹೋಗು, ಮಾತಾಡು."

ಬಾಗಿಲ ತನಕ ಹೋದೆ. ಒಳಗೆ ಅವನ ಕೆಮ್ಮು ಕೇಳಿತು. ಸ್ಟ್ಯಾಂಡಿನಿಂದ ಡ್ರೈವರ್ ಹಾರ್ನ್ ಹೊಡೆದ. ಎರಡು ಸಲ. ತಿರುಗಿ ನಡೆದೆ. ಹಾರ್ನ್ ನೆಪ. ಅದು ನನಗೂ ಗೊತ್ತು, ಅಕ್ಕನಿಗೂ ಗೊತ್ತಾಗಿರಬೇಕು.

20 ಫೆಬ್ರವರಿ

ಕೈಲಾಸನಿಗೆ ಎಲ್ಲ ಹೇಳಿದೆ. ನಕ್ಕ. "ಎರಡೂ ನೇಯ್ದ್ರಂತ ಯಾರ ಹೇಳಿದ್ರು? ಲೀಲಾಬಾಯಿ? ತಾಯಿ ಅಕಿ." ಇದೇ ಮಾತನ್ನು ಎಲ್ಲೋ ಕೇಳಿದಂತಿದೆ ಎಂದುಕೊಂಡೆ. ನನ್ನದೇ.

ಅಮೋಗಸಿದ್ಧ ಸರಿಗೆ ಫೋನು ಹಚ್ಚಿದೆ. ಕೇಳಿಸಿಕೊಂಡರು. "ನಿಮ್ಮ ಮಾತಿನ ಮ್ಯಾಲೆ ಹುಡುಗನ್ನ ಹೊರಗ ಕೂಡಿಸಿದ್ದೆ ರಿ" ಎಂದರು. ಇಟ್ಟರು.

ತಪ್ಪು ನನ್ನದೇ. ಬಿಡಿಸಿ ಬರೆಯಲು ಇನ್ನೇನೂ ಇಲ್ಲ.

24 ಫೆಬ್ರವರಿ, ಸೋಮವಾರ

ಸಂಜೆ ಟ್ರಿಪ್. ಎಂಐಡಿಸಿ ಸ್ಟಾಪ್. ಧೀರಜ ಹತ್ತಿದ. ಕೆಲಸಕ್ಕೆ ಬಂದಿದ್ದಾನೆ. ಇಳಿದುಹೋದ ಮುಖ. ನನ್ನ ಪಕ್ಕದ ಸೀಟಿನಿಂದ ಟಿಕೆಟ್ ಚೀಲ ತೆಗೆದು ಜಾಗ ಮಾಡಿದೆ. ನೋಡಿದ. ಹಿಂದೆ ಹೋಗಿ ಕೂತ.

ನಾನು ಹತ್ತಿರ ಹೋಗುವ ಮೊದಲೇ ಕೈ ಚಾಚಿದ್ದ, ಯಾವಾಗಲಿನಂತೆ. ದುಡ್ಡು ಸರಿಯಾಗಿ ಇತ್ತು.

"ಒಂದು ವಾಗದರಿ, ಕಂಡಕ್ಟರ್."

ಮಶೀನು ಒತ್ತಿದೆ. ಕೈ ತಪ್ಪಿ ಅಕ್ಕಲಕೋಟ ಬಂತು. ರದ್ದು ಮಾಡಿ ಮತ್ತೆ ಒತ್ತಿದೆ. ಟಿಕೆಟ್ ಕೊಟ್ಟೆ. ತೆಗೆದುಕೊಂಡು ಮಡಚಿ ಜೇಬಿಗಿಟ್ಟ. ಹಿಂದೆ ನಿಂತವರು ಟಿಕೆಟ್ ಟಿಕೆಟ್ ಎನ್ನುತ್ತಿದ್ದರು. ನಾನು ಅಲ್ಲೇ ನಿಂತಿದ್ದೆ. ನಾಳೆಯೂ ಹತ್ತುತ್ತಾನೆ. ನಾಳೆ ಅವನು ಕೈ ಚಾಚುವ ಮೊದಲೇ ನಾನೇ ತಪ್ಪಾಯಿತು ಎನ್ನಬೇಕು.