ಹನ್ನೊಂದಕ್ಕೆ ಮುಚ್ಚುವ ಬಾಗಿಲು ಮತ್ತು ನನ್ನ ಅಕ್ಕನ ಮಧ್ಯಾಹ್ನದ ಊಟ

ಮಂಗಳೂರು, ಮಾರ್ಚ್ 1984

ಮಾನ್ಯ ವೈದ್ಯಾಧೀಕ್ಷಕರೇ,

ಬರುವ ಸೋಮವಾರ ತಮ್ಮ ಧರ್ಮಾಸ್ಪತ್ರೆಯಲ್ಲಿ ನನ್ನ ಅಕ್ಕನ ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸುವುದೆಂದು ನಿಶ್ಚಯವಾಗಿದೆ. ಅವಳಿಗೆ ಸಕ್ಕರೆ ಕಾಯಿಲೆ. ಆದರೆ ತಮ್ಮ ಪ್ರಯೋಗಾಲಯದ ವರದಿಗಳ ಪ್ರಕಾರ ಆ ಕಾಯಿಲೆ ಬಹಳ ಸಾಧು ಸ್ವಭಾವದ್ದು, ಹತೋಟಿಯಲ್ಲಿದೆ, ಯಾರಿಗೂ ತೊಂದರೆ ಕೊಟ್ಟಿಲ್ಲ. ಹಾಗಾದರೆ ಕಾಲನ್ನು ತಿಂದವರು ಯಾರು? ಈ ಪ್ರಶ್ನೆಯನ್ನು ತಮ್ಮ ಕೋಣೆಯ ಹೊರಗೆ ನಿಂತು ಕೇಳಲು ಎರಡು ಸಲ ಪ್ರಯತ್ನಿಸಿದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ಆದ್ದರಿಂದ ಪತ್ರಿಕೆಯ ಮೂಲಕ ಕೇಳುತ್ತಿದ್ದೇನೆ. ಪತ್ರಿಕೆಯನ್ನಾದರೂ ತಾವು ಓದುತ್ತೀರಿ ಎಂದು ನಂಬಿದ್ದೇನೆ.

ನಾನು ತಮ್ಮ ಆಸ್ಪತ್ರೆಯ ಎದುರುಗಡೆ ಹೋಟೆಲು ಇಟ್ಟುಕೊಂಡವನು. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನದ ಮೀನೂಟ. ತಮ್ಮ ರೋಗಿಗಳೇ ನನ್ನ ಗಿರಾಕಿಗಳು, ಅದರಲ್ಲಿ ಮುಚ್ಚುಮರೆ ಇಲ್ಲ. ಸಕ್ಕರೆ ಕಾಯಿಲೆಯವರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತಮ್ಮಲ್ಲಿ ರಕ್ತ ಕೊಡುತ್ತಾರೆ. ಆಮೇಲೆ ಮೊಣಕೈ ಮಡಚಿ ಹತ್ತಿ ಒತ್ತಿ ಹಿಡಿದುಕೊಂಡು ರಸ್ತೆ ದಾಟಿ ನನ್ನಲ್ಲಿಗೆ ಬರುತ್ತಾರೆ. ಏನಾದರೂ ತಿಂದು, ಎರಡು ಗಂಟೆ ಕಾದು, ಮತ್ತೆ ರಕ್ತ ಕೊಡಬೇಕು. ತಮ್ಮ ಗೋಡೆಯ ಬೋರ್ಡಿನಲ್ಲಿ ಇದಕ್ಕೆ ‘ಊಟದ ನಂತರದ ರಕ್ತ’ ಎಂದು ಬರೆದಿದೆ. ಊಟವಂತೆ! ಬೆಳಿಗ್ಗೆ ಎಂಟು ಗಂಟೆಗೆ ಈ ಊರಿನಲ್ಲಿ ಯಾರು ಊಟ ಮಾಡುತ್ತಾರೆ, ಮಾನ್ಯರೇ?

ಅವರು ನನ್ನಲ್ಲಿ ಏನು ತಿನ್ನುತ್ತಾರೆ ಎಂಬುದನ್ನೂ ಹೇಳುತ್ತೇನೆ, ತಮ್ಮಲ್ಲಿ ಇದುವರೆಗೆ ಯಾರೂ ಕೇಳಿದ ಹಾಗಿಲ್ಲ. ಒಂದೇ ಇಡ್ಲಿ, ಚಟ್ನಿ ಬೇಡ, ಸಕ್ಕರೆ ಇಲ್ಲದ ಚಹಾ. ನಮ್ಮ ಸಪ್ಲೈಯರು ಒಳಗೆ ಕೂಗಿ ಹೇಳುವುದೇ “ಒಂದು ಟೆಸ್ಟ್!” ಎಂದು. ಕೆಲವರು ಆ ಇಡ್ಲಿಯಲ್ಲೂ ಅರ್ಧ ಬಿಡುತ್ತಾರೆ. ಎರಡನೆಯ ರಕ್ತ ಕೊಟ್ಟಾದ ಮೇಲೆ ಅವರೇ ಮತ್ತೆ ಬಂದು ಅದೇ ಬೆಂಚಿನಲ್ಲಿ ಕುಳಿತು ಬನ್ಸು, ಗೋಳಿಬಜೆ, ಎರಡು ಚಮಚ ಸಕ್ಕರೆಯ ಕಾಫಿ ತರಿಸುತ್ತಾರೆ. ಪರೀಕ್ಷೆ ಮುಗಿದ ಸಂತೋಷ! ನಮ್ಮ ಜನರಿಗೆ ಆಸ್ಪತ್ರೆಯ ಪರೀಕ್ಷೆಯೂ ಶಾಲೆಯ ಪರೀಕ್ಷೆಯ ಹಾಗೆಯೇ. ಅದರಲ್ಲಿ ಪಾಸಾಗಬೇಕು, ಡಾಕ್ಟರು ಬೈಯಬಾರದು.

ಈ ಪರೀಕ್ಷೆಯಲ್ಲಿ ನನ್ನ ಅಕ್ಕ ಗುಣವತಿಯಷ್ಟು ಚೆನ್ನಾಗಿ ಪಾಸಾದವರು ಇಲ್ಲ. ನಮ್ಮ ಅಳಿಯಕಟ್ಟು ಪದ್ಧತಿಯಲ್ಲಿ ಮನೆಯ ಯಜಮಾನಿಕೆ ಹೆಣ್ಣುಮಕ್ಕಳದು. ಬೋಳಾರದ ಮನೆಗೂ ಈ ಹೋಟೆಲಿನ ಅಡುಗೆಮನೆಗೂ ಅವಳೇ ಒಡತಿ. ಒಡತಿಯ ಬಟ್ಟಲಲ್ಲಿ ಎಷ್ಟು ಅನ್ನ ಎಂದು ಕೇಳುವ ಧೈರ್ಯ ಯಾರಿಗುಂಟು? ಗಿರಾಕಿಗಳೆಲ್ಲ ಉಂಡೆದ್ದ ಮೇಲೆ ಮಧ್ಯಾಹ್ನ ಅವಳ ಊಟ. ಕುಚ್ಚಲಕ್ಕಿ ಅನ್ನ ಗೋಪುರದ ಹಾಗೆ, ಅದರ ಮೇಲೆ ಬಂಗುಡೆ ಮೀನಿನ ಸಾರು, ಕೊನೆಗೆ ಪಾಯಸ ಉಳಿದಿದ್ದರೆ ಅದೂ. ಆದರೆ ಟೆಸ್ಟಿನ ಹಿಂದಿನ ದಿನ ಮಾತ್ರ ಅವಳು ಅನ್ನ ಮುಟ್ಟುವುದಿಲ್ಲ, ಮಜ್ಜಿಗೆ ಕುಡಿದು ಮಲಗುತ್ತಾಳೆ. ಇದೆಂಥ ವ್ರತ ಎಂದು ಅವಳ ಮಗಳು ಸ್ವರ್ಣಲತಾ ಕೇಳಿದ್ದಕ್ಕೆ ಅಕ್ಕ ಹೇಳಿದ್ದು ಇದು: “ಎಂತ ಮಾರಾಯ್ತಿ, ದೊಡ್ಡವರ ಎದುರು ಹೋಗುವಾಗ ಹೊಟ್ಟೆ ಬಿರಿಯ ತಿಂದು ಹೋಗ್ತಾರಾ? ಸ್ವಲ್ಪ ಮರ್ಯಾದೆ ಬೇಡ್ವಾ?”

ಹೀಗೆ ವರ್ಷಗಟ್ಟಲೆ ಅವಳು ತಮಗೆ ಮರ್ಯಾದೆ ಕೊಟ್ಟಳು. ತಾವು ಅವಳಿಗೆ ‘ತೃಪ್ತಿಕರ’ ಎಂಬ ಠಸ್ಸೆ ಒತ್ತಿಕೊಟ್ಟಿರಿ. ಒಂದು ಸಲ ಮಾತ್ರೆಯನ್ನೂ ಅರ್ಧಕ್ಕೆ ಇಳಿಸಿದಿರಿ. ಆ ದಿನ ಅಕ್ಕ ಹೋಟೆಲಿನ ಕೆಲಸದವರಿಗೆಲ್ಲ ಸಿಹಿ ಹಂಚಿದಳು.

ಕಳೆದ ಮಳೆಗಾಲ ಮುಗಿಯುತ್ತಿದ್ದ ಹಾಗೆ ಅವಳು ಉರ್ವದ ಮಾರ್ಕೆಟಿಗೆ ಹೋಗಿ ಸಿಟಿ ಬಸ್ಸಿನಲ್ಲಿ ಮನೆಗೆ ಮರಳಿದಳು. ಚೀಲ ಇಳಿಸಿ ನೇರ ಅಡುಗೆಮನೆಗೆ ನಡೆದಳು. ಅವಳ ಹಿಂದೆಯೇ ನೆಲದ ಮೇಲೆ ಹೆಜ್ಜೆ ಹೆಜ್ಜೆಗೆ ರಕ್ತ. ಸ್ವರ್ಣಲತಾ ಬಾಗಿಲ ಹೊರಗೆ ಇಣುಕಿ ನೋಡಿ ಕೂಗಿಕೊಂಡಳು.

“ಅಮ್ಮಾ, ನಿನ್ನ ಇನ್ನೊಂದು ಚಪ್ಪಲಿ ಎಲ್ಲಿ?”

“ಎಂತ? ಎರಡೂ ಹೊರಗೆ ಬಿಚ್ಚಿ ಬಂದದ್ದಲ್ವಾ?”

ಹೊರಗೆ ಒಂದೇ ಇತ್ತು. ಇನ್ನೊಂದು ದಾರಿಯಲ್ಲಿ ಎಲ್ಲೋ ಕಳಚಿ ಬಿದ್ದಿತ್ತು. ಬರಿಗಾಲಲ್ಲಿ ನಡೆದು ಬಂದದ್ದು ಅವಳಿಗೆ ಗೊತ್ತಿರಲಿಲ್ಲ. ಪಾದದಲ್ಲಿ ಗಾಜಿನ ಚೂರು ನಾಟಿಕೊಂಡಿತ್ತು, ಅದೂ ಗೊತ್ತಿರಲಿಲ್ಲ. ನಾನು ಚೂರನ್ನು ಕಿತ್ತು ತೆಗೆದಾಗ ಅವಳು ನನ್ನ ಮುಖ ನೋಡಿ ನಕ್ಕಳು. ನೋವೇ ಇಲ್ಲದ ಆ ನಗು ನೋಡಿ ನನಗೆ ಆದ ಹೆದರಿಕೆ ಇನ್ನೂ ಹೋಗಿಲ್ಲ.

ಗಾಯ ಒಣಗಲಿಲ್ಲ. ದೀಪಾವಳಿ ಕಳೆದ ಮೇಲೆ ಹೆಬ್ಬೆರಳು ಕಪ್ಪಾಯಿತು, ತಾವು ಅದನ್ನು ತೆಗೆದಿರಿ. ಅದಕ್ಕೂ ಮುಂಚೆ ಬೆಳಿಗ್ಗೆ ರಕ್ತ ತೆಗೆದು ನೋಡಿದಿರಿ, ತೃಪ್ತಿಕರ. ಬೆರಳು ತೆಗೆದ ಗಾಯವೂ ಒಣಗಲಿಲ್ಲ. ಆಗ ಸ್ವರ್ಣಲತಾಳಿಗೆ ಸಂಶಯ ಬಂತು. ಅವಳು ಬಿಜೈಯ ಒಂದು ಶಾಲೆಯಲ್ಲಿ ಟೀಚರು. ಔಷಧಿ ಅಂಗಡಿಯಿಂದ ಮೂತ್ರ ಪರೀಕ್ಷೆಯ ನೀಲಿ ದ್ರಾವಣ ತಂದಳು. ಅದಕ್ಕೆ ಕೆಲವು ಹನಿ ಮೂತ್ರ ಹಾಕಿ ಗಾಜಿನ ನಳಿಗೆಯಲ್ಲಿ ಕುದಿಸಬೇಕು. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ, ಹೆಚ್ಚಾದಂತೆ ಹಸಿರು, ಹಳದಿ, ಕೊನೆಗೆ ಇಟ್ಟಿಗೆ ಕೆಂಪು. ಬೆಳಿಗ್ಗೆ ಕುದಿಸಿದಳು, ನೀಲಿ. ತಮ್ಮ ವರದಿ ಸುಳ್ಳಲ್ಲ, ಒಪ್ಪಿದೆ. ಅಕ್ಕನ ಮಧ್ಯಾಹ್ನದ ಊಟವಾಗಿ ಎರಡು ಗಂಟೆಯ ನಂತರ ಮತ್ತೆ ಕುದಿಸಿದಳು. ಹಸಿರಿಗೂ ಹಳದಿಗೂ ಪುರುಸೊತ್ತೇ ಇರಲಿಲ್ಲ. ನಳಿಗೆಯೊಳಗೆ ನಮ್ಮ ಮನೆಯ ಹಂಚಿನ ಬಣ್ಣ. ಮರುದಿನವೂ ಅದೇ, ಅದರ ಮರುದಿನವೂ ಅದೇ.

ಅವಳು ಆ ನಳಿಗೆಯನ್ನೇ ಹಿಡಿದುಕೊಂಡು ತಮ್ಮ ವಾರ್ಡಿನ ಡಾಕ್ಟರ ಹತ್ತಿರ ಬಂದಳು. “ಇದೆಲ್ಲ ಅಡುಗೆಮನೆಯ ಆಟ. ನಮ್ಮಲ್ಲಿ ರಕ್ತದ್ದೇ ರಿಪೋರ್ಟ್ ಉಂಟು, ನಾರ್ಮಲ್” ಎಂದರಂತೆ. ಹಾಗಾದರೆ ಮಧ್ಯಾಹ್ನ ಊಟದ ಮೇಲೆ ಒಮ್ಮೆ ರಕ್ತ ತೆಗೆದು ನೋಡಿ ಸರ್ ಎಂದು ಬೇಡಿಕೊಂಡಳು. “ಲ್ಯಾಬು ಹನ್ನೊಂದಕ್ಕೆ ಬಂದ್ ಅಮ್ಮ. ರೂಲ್ಸ್ ನಾವು ಮಾಡಿದ್ದಲ್ಲ.”

ರೂಲ್ಸ್ ಮಾಡಿದವರು ತಾವು. ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ಗಾದೆ ಉಂಟು. ತಮ್ಮದು ಅದಕ್ಕಿಂತ ಮುಂದುವರಿದ ವ್ಯವಸ್ಥೆ. ಇಲ್ಲಿ ಕಳ್ಳ ಬರುವುದು ಮಧ್ಯಾಹ್ನದ ಮೇಲೆ ಎಂದು ಗೊತ್ತಿದ್ದೂ ಕಾವಲಿನವನು ಹನ್ನೊಂದಕ್ಕೇ ಮನೆಗೆ ಹೋಗುತ್ತಾನೆ, ಬೆಳಗ್ಗೆ ಬಂದು ‘ಕಳ್ಳತನ ಆಗಿಲ್ಲ’ ಎಂದು ಬರೆಯುತ್ತಾನೆ. ಈಗ ಅಕ್ಕ ತಮ್ಮದೇ ವಾರ್ಡಿನಲ್ಲಿದ್ದಾಳೆ. ಅಲ್ಲಿಯೂ ಬೆಳಗ್ಗಿನ ಬ್ರೆಡ್ಡನ್ನು ಅರ್ಧ ಬಿಟ್ಟು ರಕ್ತ ಕೊಡುತ್ತಾಳೆ, ಅಲ್ಲಿಯೂ ತೃಪ್ತಿಕರ. ವರದಿ ಚೆನ್ನಾಗಿದೆ ಎಂಬ ಕಾರಣಕ್ಕೆ ಇನ್ಸುಲಿನ್ ಕೊಡುವುದಿಲ್ಲ. ಗಾಯ ಒಣಗುವುದಿಲ್ಲ ಎಂಬ ಕಾರಣಕ್ಕೆ ಕಾಲು ಕತ್ತರಿಸುತ್ತೀರಿ. ಈ ಎರಡು ಮಾತುಗಳು ಒಂದೇ ಬಾಯಿಯಿಂದ ಹೇಗೆ ಬರುತ್ತವೆ?

ಕಾಲು ಉಳಿದೀತು ಎಂದು ಹೇಳಲು ನಾನು ವೈದ್ಯನಲ್ಲ, ಬಹುಶಃ ಹೊತ್ತು ಮೀರಿದೆ. ಆದರೆ ನನ್ನಂಥ ದಡ್ಡನಿಗೂ ಹೊಳೆಯುವ ಒಂದು ಮಾತಿದೆ. ಗಾಜು ಚುಚ್ಚಿದ ಗಾಯ ಒಣಗಲಿಲ್ಲ, ಬೆರಳು ತೆಗೆದ ಗಾಯ ಒಣಗಲಿಲ್ಲ. ಅದೇ ಸಕ್ಕರೆ ತುಂಬಿದ ರಕ್ತದಲ್ಲಿ ಮೊಣಕಾಲಿನ ಕೆಳಗಿನ ಗಾಯ ಒಣಗುತ್ತದೆ ಎಂದು ತಮಗೆ ಯಾರು ಹೇಳಿದರು? ಅದೂ ಒಣಗದಿದ್ದರೆ ಇನ್ನೆಷ್ಟು ಮೇಲೆ ಹೋಗುತ್ತೀರಿ?

ಅಕ್ಕ ಒಬ್ಬಳೇ ಅಲ್ಲ ಎಂಬುದು ನನ್ನ ನಿದ್ದೆ ಕೆಡಿಸಿದೆ. ಮೊನ್ನೆ ಮಧ್ಯಾಹ್ನ ಒಬ್ಬರು ಹೊಟ್ಟೆ ತುಂಬ ಉಂಡು, ಕೈ ತೊಳೆದು, ಬೀಡಾ ಹಾಕಿಕೊಂಡು ಹೊರಟರು. ಮೇಜಿನ ಕೆಳಗೆ ಒಂದು ಚಪ್ಪಲಿ ಉಳಿದಿತ್ತು. ನಾನು ಅದನ್ನು ಕೈಯಲ್ಲಿ ಹಿಡಿದು ಬಿಸಿಲಲ್ಲಿ ಅವರ ಹಿಂದೆ ಓಡಿದೆ. “ಓ, ಬಿಟ್ಟು ಬಂದದ್ದು ಗೊತ್ತೇ ಆಗ್ಲಿಲ್ಲ ಮಾರಾಯ್ರೆ” ಎಂದು ನಕ್ಕರು. ಕಾದ ಡಾಂಬರಿನ ಮೇಲೆ ಅವರ ಬರಿಗಾಲು ಆರಾಮವಾಗಿ ನಿಂತಿತ್ತು. ಶುಗರ್ ಉಂಟಾ ಎಂದು ಕೇಳಿದೆ. “ಉಂಟು, ಆದ್ರೆ ಹೆದರ್ಲಿಕ್ಕಿಲ್ಲ. ನಿನ್ನೆಯೇ ರಿಪೋರ್ಟ್ ಸಿಕ್ಕಿತು, ನಾರ್ಮಲ್.” ಅವತ್ತಿನಿಂದ ನಾನು ಗಲ್ಲಾದಲ್ಲಿ ಕುಳಿತು ಬರುವವರ ಮುಖ ನೋಡುವುದಿಲ್ಲ, ಕಾಲು ನೋಡುತ್ತೇನೆ.

ಆದುದರಿಂದ ಮಾನ್ಯರೇ, ಕೇಳುವುದು ಇಷ್ಟೇ. ಪ್ರಯೋಗಾಲಯವನ್ನು ಮಧ್ಯಾಹ್ನವೂ ತೆರೆಯಿರಿ. ರಕ್ತ ತೆಗೆಯುವ ಮುಂಚೆ ‘ಏನು ತಿಂದಿರಿ, ದಿನಾ ಇಷ್ಟೇ ತಿನ್ನುತ್ತೀರಾ’ ಎಂದು ಕೇಳಲು ಒಬ್ಬರನ್ನು ಕೂರಿಸಿರಿ. ದಿನಾ ಉಣ್ಣುವ ಊಟವನ್ನೇ ಉಂಡು ಬನ್ನಿ, ಇದು ಪಾಸು ಫೇಲಿನ ಪರೀಕ್ಷೆಯಲ್ಲ ಎಂದು ಆ ಬೋರ್ಡಿನಲ್ಲಿ ಬರೆಸಿರಿ. ಎಲ್ಲಕ್ಕಿಂತ ಮೊದಲು, ಸೋಮವಾರಕ್ಕೆ ಮುಂಚೆ ಒಂದು ಮಧ್ಯಾಹ್ನ ಗುಣವತಿ ಎಂಬ ರೋಗಿಯ ಊಟದ ನಂತರದ ರಕ್ತ ತೆಗೆದು ನೋಡಿರಿ.

ಬೇಗ ನೋಡಿರಿ. ನಿನ್ನೆ ಸಂಜೆ ನಾನು ಮನೆಯಿಂದ ತಂದ ಬುತ್ತಿಯನ್ನು ಅಕ್ಕ ಮುಚ್ಚಳ ತೆರೆಯದೆ ಹಿಂದಕ್ಕೆ ತಳ್ಳಿದಳು. ಯಾಕೆ ಎಂದು ಕೇಳಿದೆ. ನನ್ನ ಕೈ ಹಿಡಿದು, ಪಕ್ಕದ ಮಂಚದವರಿಗೆ ಕೇಳಿಸದ ಹಾಗೆ ಹೇಳಿದಳು: “ಸೋಮವಾರ ದೊಡ್ಡ ಡಾಕ್ಟ್ರು ಬರ್ತಾರಲ್ಲ ತಾರಾ, ನಾನು ಇವತ್ತಿನಿಂದಲೇ ಅನ್ನ ಬಿಟ್ಟಿದ್ದೇನೆ. ರಿಪೋರ್ಟು ಚಂದ ಬಂದ್ರೆ ಕಾಲು ಕಡಿಯದೆ ಬಿಡ್ಬಹುದು.”

ಇಂತಿ,
ಊರಿಗೆಲ್ಲ ಊಟ ಬಡಿಸಿ, ಒಡಹುಟ್ಟಿದವಳಿಗೆ ಒಂದು ತುತ್ತು ಉಣ್ಣಿಸಲಾರದ
ಹೋಟೆಲಿನ ತಾರಾನಾಥ