ಮಾವ ಹೊರಗೇ ಕೂತರು

ಜೂನ್ 3, ಮಂಗಳವಾರ. ಬೆಳಗ್ಗೆ

ಮತ್ತೆ ಅದೇ. ಮಗ್ಗುಲಾಗು, ಕಾಲು ಮಂಚದಿಂದ ಕೆಳಗೆ ಬಿಡು, ಕೈ ಊರು, ಏಳು. ಸುತ್ತಿದ ಚಾಪೆ ಹೊರಳಿದ ಹಾಗೆ ಇಡೀ ಮೈ ಒಟ್ಟಿಗೇ ಹೊರಳಬೇಕು. ಬೆಲ್ಟ್ ಕಟ್ಟಿಕೊಂಡು ಅಂಗಳದ ತುದಿಯವರೆಗೆ ನಡೆದೆ. ವಾಪಸ್ ಬಂದು ಮಲಗಿದೆ. ಇಷ್ಟೇ ಡ್ಯೂಟಿ. ಸಿಂಧನೂರು–ಲಿಂಗಸುಗೂರು ಬಸ್ಸಿನಲ್ಲಿ ಕಂಡಕ್ಟರಾಗಿ ವರ್ಷಗಟ್ಟಲೆ ನಿಂತೇ ಓಡಾಡಿದವಳು ನಾನು. ಈಗ ಅಂಗಳದ ತುದಿ ಮುಟ್ಟಿದರೆ ಕಾಶಿ ಮುಟ್ಟಿದ ಹಾಗೆ.

ರಾಯಚೂರಿನ ಡಾಕ್ಟರ್ ಬೆನ್ನಿನ ಆಪರೇಷನ್ ಮಾಡಿ ಮನೆಗೆ ಕಳಿಸುವಾಗ ಹೇಳಿದ್ದು: “ಡಿಸ್ಕಿನ ತುಣುಕು ತೆಗ್ದೀನಿ. ಮುಂದಿಂದು ನಿಮ್ಮ ಕೈಯಾಗ ಐತ್ರಿ. ಸ್ವಲ್ಪ ನಡೀರಿ, ಸ್ವಲ್ಪ ಮಲಗ್ರಿ. ದಣಿಯೂಕಿಂತ ಮೊದಲ ಮಲಗ್ರಿ. ಆರಾಮ ಅನಿಸಿದ ದಿನಾನ ಭಾಳ ಹುಷಾರಿರಬೇಕು.”

ಕಡೆಯ ಮಾತು ತಲೆಗೆ ಹೋಗಿಲ್ಲ. ನೋವಿದ್ದಾಗ ಹುಷಾರಿರುವುದು ಸರಿ. ಆರಾಮಿದ್ದಾಗ ಯಾಕೆ?

ಎಡಗಾಲಿನ ಬೆರಳು ಇನ್ನೂ ಜೋಮು. ತಿಂಗಳ ಕೊನೆಗೆ ಮತ್ತೆ ತೋರಿಸಬೇಕು. ಜೋಮು ಇಳಿಯುತ್ತಾ ಬಂದಿದ್ದರೆ ಮುಂದೆ ಬಸ್ಸು ಹತ್ತಬಹುದು. ಇಲ್ಲದಿದ್ದರೆ ಇನ್ನೊಮ್ಮೆ ಕೊಯ್ಯಬೇಕಾದೀತು, ಬಸ್ಸಿನ ಕೆಲಸ ಮರೆತುಬಿಡಬೇಕು. ಮರೆಯುವುದು ಹೇಗೆ ಅಂತ ಅವರು ಹೇಳಲಿಲ್ಲ.

ಮಂಚ ಹಾಕಿರುವುದು ಪಡಸಾಲೆಯಲ್ಲಿ. ಮಾವನದೇ ಮಂಚ. ಒಳಕೋಣೆಯಲ್ಲಿ ಗಾಳಿ ಇಲ್ಲ ಎಂದು ಅವರೇ ಬಿಟ್ಟುಕೊಟ್ಟರು. ಅವರಿಗೆ ಈಗ ಟಿವಿ ಮುಂದಿನ ಪ್ಲಾಸ್ಟಿಕ್ ಕುರ್ಚಿ.

ಜೂನ್ 5, ಗುರುವಾರ. ಸಂಜೆ

ಇಡೀ ದಿನ ಮಾತಾಡಿಸಲು ಬರುವವರು. ಒಬ್ಬರ ಕೈಯಲ್ಲಿ ಮೋಸಂಬಿ, ಒಬ್ಬರ ಕೈಯಲ್ಲಿ ಬ್ರೆಡ್ಡು, ಎಲ್ಲರ ಬಾಯಲ್ಲೂ ಒಂದೊಂದು ಔಷಧ. ಅತ್ತೆಯ ತಂಗಿ ಎಳ್ಳೆಣ್ಣೆ ತಿಕ್ಕು ಎಂದಳು. ಹಿಂದಿನ ಓಣಿಯ ಮುದುಕಿ ಬಿಸಿ ಇಟ್ಟಂಗಿಯ ಶಾಖ ಕೊಡು ಎಂದಳು. “ಮಲಗು, ಏಳಬ್ಯಾಡ” ಅಂತ ಎಲ್ಲರೂ ಹೇಳಿದರು. ಹಿರಿಯರು ಬಂದಾಗ ಮಲಗಿರುತ್ತಾರೆಯೇ? ಎದ್ದೆ, ನಿಂತೆ, ಅವರು ಕೂತ ಮೇಲೆ ಕೂತೆ, ಹೊರಟಾಗ ಮತ್ತೆ ಎದ್ದೆ. ಆಪರೇಷನ್ ಕಥೆಯನ್ನೂ ಹೇಳಿದೆ. ಪ್ರತಿ ಸಲ ಸ್ವಲ್ಪ ಬೆಳೆಯುತ್ತಿದೆ. ಸಂಜೆಯ ಹೊತ್ತಿಗೆ ಡಾಕ್ಟರ ಕತ್ತರಿ ಕುಡುಗೋಲಿನಷ್ಟಾಗಿತ್ತು.

ಮಾವನೂ ಒಳಗೆ ಹೊರಗೆ ಓಡಾಡುತ್ತಿರುತ್ತಾರೆ. ಹೊಸ್ತಿಲಲ್ಲಿ ಒಮ್ಮೆ ಕೆಮ್ಮುತ್ತಾರೆ — ಈ ಮನೆಯ ಹಿರಿಯರ ಕಾಲಿಂಗ್ ಬೆಲ್ಲು. ಕೆಮ್ಮು ಕೇಳಿದರೆ ನಾನು ಎದ್ದು ಸೆರಗು ಹೊದ್ದು ನಿಲ್ಲುತ್ತೇನೆ.

“ಮಲಗವ್ವ” ಎನ್ನುತ್ತಾರೆ, ಗೋಡೆ ನೋಡಿಕೊಂಡು.

“ಆತ್ರಿ ಮಾವ” ಎನ್ನುತ್ತೇನೆ, ನಿಂತುಕೊಂಡು.

ಸೊಂಟ ಸ್ವಲ್ಪ ಹಿಡಿದಿದೆ. ಯಾಕೋ. ಏನೂ ಕೆಲಸ ಮಾಡಿಲ್ಲ.

ಜೂನ್ 6, ಶುಕ್ರವಾರ

ಇವತ್ತು ಭಾಳ ಆರಾಮ! ನೋವು ಊರು ಬಿಟ್ಟು ಹೋದ ಹಾಗಿದೆ. ಕೂತು ಅಕ್ಕಿ ಆರಿಸಿದೆ. ಒಣಗಿದ ಬಟ್ಟೆ ಮಡಿಚಿದೆ. ಗೇಟಿನವರೆಗೆ ಹೋಗಿ ಬಂದೆ, ಇನ್ನೊಮ್ಮೆಯೂ ಹೋದೆ. ಲಿಂಗಸುಗೂರಿನ ಬಸ್ಸು ರಸ್ತೆಯಲ್ಲಿ ಹೋಯಿತು. ಒಳಗೆ ಯಾರೋ “ರೈಟ್” ಎಂದದ್ದು ಕೇಳಿಸಿತು, ಅಥವಾ ನಾನೇ ಅಂದೆ.

ಅತ್ತೆ ಯಮನವ್ವ ನೋಡಿ ನಕ್ಕರು. “ನಮ್ಮ ಕಂಡಕ್ಟರ್ ಬಾಯಿ ಡ್ಯೂಟಿಗೆ ಹೊಂಟ್ಳ ನೋಡ್ರಿ.”

ಮಾವ ನಗಲಿಲ್ಲ.

ಜೂನ್ 10, ಮಂಗಳವಾರ

ಬರೆಯಲು ಆಗಿರಲಿಲ್ಲ. ಪೃಷ್ಠದಿಂದ ಹಿಮ್ಮಡಿಯವರೆಗೆ ತಂತಿ ಎಳೆದ ಹಾಗೆ. ಕೆಮ್ಮಿದರೆ ಕಣ್ಣಲ್ಲಿ ನೀರು. ಬೆರಳಿನ ಜೋಮು ಈಗ ಪಾದಕ್ಕೆ ಬಂದಿದೆ.

ನನ್ನ ಗಂಡ ಮಲ್ಲೇಶ ಸಿಂಧನೂರಿನ ರೈಸ್‌ಮಿಲ್ಲಿಗೆ ರಜೆ ಹಾಕಿ ಮನೆಯಲ್ಲೇ ಇದ್ದ. ಡಾಕ್ಟರಿಗೆ ಫೋನ್ ಹಚ್ಚಿಕೊಟ್ಟ.

“ಏನ್ ಮಾಡಿದ್ರಿ?”

“ಏನೂ ಮಾಡಿಲ್ರಿ ಸರ್. ಶುಕ್ರವಾರ ಒಂದು ಸ್ವಲ್ಪ ಬಟ್ಟೆ ಮಡಿಚಿದ್ದೆ.”

“ಅದಕ್ಕ ಮೊದಲ?”

“ಅದಕ್ಕ ಮೊದಲ ಬರೇ ರೆಸ್ಟ್ ರೀ.”

ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಮೊದಲಿನಿಂದ ಶುರು ಮಾಡಿ ಎಂದರು. ಅಂಗಳ ಬೇಡ, ಪಡಸಾಲೆಯೊಳಗೇ ನಡೆಯಿರಿ, ತಿಂಗಳ ಕೊನೆಗೆ ಬರಲೇಬೇಕು. ಆ “ಲೇಬೇಕು” ಕೇಳಿ ಮಲ್ಲೇಶನ ಮುಖ ಸಣ್ಣದಾಯಿತು.

ಮಾವನ ಬೀಡಿ ಹೊಗೆ ಕಿಟಕಿಯಿಂದ ಬರುತ್ತಿತ್ತು. ಕೆಮ್ಮಿದರೆ ಜೀವ ಹೋಗುತ್ತೆ ಅಂತ ಮಲ್ಲೇಶನಿಗೆ ಅಂದೆ. ಮೆಲ್ಲಗೇ ಅಂದೆ. ಮೆಲ್ಲಗೇ ಅಂದಿದ್ದೆನಲ್ಲವೇ?

ಜೂನ್ 12, ಗುರುವಾರ. ಮಧ್ಯಾಹ್ನ

ಮಾವ ಊಟಕ್ಕೆ ಒಳಗೆ ಬರಲಿಲ್ಲ. ನಿನ್ನೆಯೂ ಬಂದಿರಲಿಲ್ಲ. ಅತ್ತೆ ರೊಟ್ಟಿ, ಪುಂಡಿಪಲ್ಯ ಹೊರಗಿನ ಕಟ್ಟೆಗೇ ಒಯ್ದರು. ಬಿಸಿಲು ನೋಡಿದರೆ ಕಾಗೆ ಕೂಡ ನೆರಳು ಹುಡುಕುತ್ತಿದೆ. ಇವರು ಕುರಿ ಕಾಯುತ್ತಿದ್ದ ಕಾಲದ ಕಂಬಳಿ ಮಡಿಸಿ ತಲೆ ಮೇಲೆ ಹಾಕಿಕೊಂಡು ಕಟ್ಟೆಯಲ್ಲಿ. ಇಲ್ಲವೆಂದರೆ ಎದುರಿನ ಬುಡ್ಡೇಸಾಬನ ಚಹದಂಗಡಿಯಲ್ಲಿ. ರಾತ್ರಿ ಮಲಗುವುದೂ ಕಟ್ಟೆಯಲ್ಲೇ.

“ಮಾವ ಯಾಕ್ರಿ ಒಳಗ ಬರವಲ್ರು?” ಎಂದು ಅತ್ತೆಯನ್ನು ಕೇಳಿದೆ.

“ಅವರಿಗೆ ಹೊರಗ ಹಿತ ಅಂತ. ನೀ ಸುಮ್ನ ಮಲಗ.”

ಹಿತವಂತೆ! ಈ ಬಿಸಿಲಲ್ಲಿ! ಸಂಜೆಯ ನ್ಯೂಸ್ ಬಿಡದ ಮನುಷ್ಯ. ರಿಮೋಟು ನನ್ನ ದಿಂಬಿನ ಕೆಳಗೇ ಬಿದ್ದಿದೆ, ಕೇಳುವವರಿಲ್ಲ.

ಬೀಡಿಯ ಮಾತು ಕೇಳಿಸಿಕೊಂಡರೇ? ಮಂಚ ಕಸಿದುಕೊಂಡೆ ಎಂದೇ? ಅಥವಾ ಹೀಗೆ ಹಗಲೆಲ್ಲ ಬಿದ್ದುಕೊಂಡ ಸೊಸೆಯನ್ನು ನೋಡಲು ಬೇಸರವೇ?

ಅಜ್ಜಿ ಹೇಳುತ್ತಿದ್ದ ಕಥೆ ನೆನಪಾಯಿತು. ಒಂದೂರಾಗ ಒಬ್ಬ ಹೊಸ ಸೊಸಿ. ಬಾಗಿಲು ಕಿರ್ ಅಂದರೆ ಸಾಕು, ಮಾವ ಬಂದ ಅಂತ ಎದ್ದು ನಿಲ್ಲುವಳು. ಮಾವ ಅಲ್ಲ, ಗಾಳಿ. ಕೂತಳು. ಮತ್ತೆ ಕಿರ್. ಎದ್ದಳು. ಗಾಳಿಗೇನು, ಅದಕ್ಕೆ ಬೇರೆ ಕೆಲಸವಿಲ್ಲ... ನಾವು ಮಕ್ಕಳು ಎದ್ದು ಕೂತು, ಎದ್ದು ಕೂತು ನಗುತ್ತಿದ್ದೆವು. ಕೊನೆಗೆ ಏನಾಯಿತು ಎಂಬುದು ಮಾತ್ರ ನೆನಪಾಗುತ್ತಿಲ್ಲ. ಸೊಸೆ ತವರಿಗೆ ಹೋದಳೋ, ಬಾಗಿಲು ಕಿತ್ತರೋ.

ಜೂನ್ 13, ಶುಕ್ರವಾರ

ತಪ್ಪು ಏನೇ ಇರಲಿ, ಸರಿ ಮಾಡಬೇಕು ಅನಿಸಿತು. ಅತ್ತೆ ಹಿಟ್ಟಿನ ಗಿರಣಿಗೆ ಹೋದಾಗ ಎದ್ದೆ. ನಿಂತೇ ಚಹ ಮಾಡಿದೆ, ಶುಂಠಿ ಜಜ್ಜಿ ಹಾಕಿ, ಮಾವನಿಗೆ ಬೇಕಾದ ಹಾಗೆ. ಗೋಡೆ ಹಿಡಿದುಕೊಂಡು ಹೊಸ್ತಿಲು ದಾಟಿ, ಕಟ್ಟೆಯತ್ತ ಹೋದೆ.

ಮಾವ ನನ್ನನ್ನು ನೋಡಿದರು. ಹಾವು ಕಂಡವರ ಹಾಗೆ ಎದ್ದರು. ಕಂಬಳಿ ಹೆಗಲಿಗೆ ಹಾಕಿದರು. ಸರಸರ ಬಸ್‌ಸ್ಟ್ಯಾಂಡಿನ ಕಡೆ ಹೊರಟೇಬಿಟ್ಟರು.

“ಮಾವ, ಚಹ...” ಅಂದೆ. ತಿರುಗಲಿಲ್ಲ.

ಕಪ್ಪು ಹಿಡಿದು ಅಂಗಳದಲ್ಲಿ ನಿಂತೇ ಇದ್ದೆ. ಬುಡ್ಡೇಸಾಬ ಅಂಗಡಿಯಿಂದ ನೋಡಿ ತಲೆ ತಗ್ಗಿಸಿದ. ಚಹದ ಮೇಲೆ ಕೆನೆ ಕಟ್ಟಿತು. ಒಳಗೆ ಬರುವಷ್ಟರಲ್ಲಿ ಎಡಗಾಲು ನನ್ನದಲ್ಲ ಅನಿಸಿತು.

ಯಾರಿಗೂ ಹೇಳಿಲ್ಲ.

ಜೂನ್ 15, ಭಾನುವಾರ. ಬೆಳಗ್ಗೆ

ಮಲ್ಲೇಶನಿಗೆ ಅಂದೆ, “ನನ್ನ ತವರಿಗೆ ಬಿಟ್ಟುಬಾ. ಲಿಂಗಸುಗೂರಿಗೆ.”

“ಹುಚ್ಚಿಗಿಚ್ಚು ಹಿಡದೈತೇನ್ ಬೇ? ಆ ರೋಡಿನಾಗ ಹೋದ್ರ ಡಾಕ್ಟರ್ ಹಾಕಿದ ಹೊಲಿಗಿ ಕಂಡಕ್ಟರ್ ಬ್ಯಾಗಿನಾಗ ಬೀಳ್ತಾವ.”

“ಮಾವಗ ನಾ ಇಲ್ಲಿರೂದು ಬ್ಯಾಡಾಗೇತಿ.”

“ಯಾರ್ ಅಂದ್ರು?”

“ಯಾರೂ ಅನ್ನಂಗಿಲ್ಲ. ಅದಾ ತ್ರಾಸ್.”

ಅವನು ತಲೆ ಕೆರೆದುಕೊಂಡು ಹೊರಗೆ ಹೋದ. ಈ ಮನೆಯ ಗಂಡಸರೆಲ್ಲ ಮಾತು ಬಂದಾಗ ಹೊರಗೆ ಹೋಗುತ್ತಾರೆ.

ಅದೇ ದಿನ, ಮಧ್ಯಾಹ್ನ

ಹುಸೇನ್‌ಬೀ ಬಂದಿದ್ದಳು. ನನ್ನ ಡಿಪೋದವಳೇ, ಅವಳೂ ಕಂಡಕ್ಟರ್. ನಾನು ಏಳಲು ಮಗ್ಗುಲಾದೆ. ಭುಜ ಒತ್ತಿ ಮಲಗಿಸಿದಳು.

“ಎದ್ದಿ ಅಂದ್ರ ವಾಪಸ್ ಹೋಗ್ತೀನಿ ನೋಡ.”

ಎಲ್ಲ ಹೇಳಿದೆ. ಬೀಡಿ, ಚಹ, ತವರು. ಅಳು ಬಂತು, ಅಳುವುದಕ್ಕೂ ಸೊಂಟ ಬೇಕು ಎಂದು ಆಗ ಗೊತ್ತಾಯಿತು. ಅವಳು ನನ್ನನ್ನೇ ನೋಡಿದಳು. ಆಮೇಲೆ ನಗಲು ಶುರು ಮಾಡಿದಳು.

“ಯಾಕ ನಗ್ತಿ?”

“ಅಲಲಲ, ಇಡೀ ಓಣಿಗೆ ಗೊತ್ತೈತಿ, ನಿನಗ ಗೊತ್ತಿಲ್ಲ! ಈಗ ಬರಬೇಕಾದ್ರ ಬುಡ್ಡೇಸಾಬ್ ಹೇಳಿದ. ನಿಮ್ಮ ಮಾವ ಅವನ ಅಂಗಡ್ಯಾಗ ಕುಂತು ಏನಂದಾರ ಗೊತ್ತೇನು? ‘ನಾ ಹೊಸ್ತಿಲ ದಾಟಿದ್ರ ಆಕಿ ಎದ್ದು ನಿಂದ್ರತಾಳೋ ಸಾಬ. ಮಲಗು ಅಂದ್ರ ಕೇಳಂಗಿಲ್ಲ. ನೀರು ಕುಡಿಯಾಕ ಹ್ವಾದ್ರ ಏಳ್ತಾಳ, ಬೀಡಿ ಮರತು ತಿರುಗಿ ಹ್ವಾದ್ರ ಏಳ್ತಾಳ. ನನ್ನ ಸಲುವಾಗಿ ಆ ಕೂಸಿನ ಬೆನ್ನು ಮುರಿಯೂದು ಬ್ಯಾಡ. ನಾನಾ ಒಳಗ ಹೋಗಂಗಿಲ್ಲ.’ ಕೇಳಿದೇನು?”

ನಾನು ಅವಳ ಕೈ ಹಿಡಿದೆ.

“ಮತ್ತ ಮೊನ್ನೆ ಚಹ ತಗೊಂಡು ಹ್ವಾದಾಗ—”

“ಅವರು ಅಲ್ಲೇ ಕುಂತಿದ್ರ ನೀ ಕಪ್ಪು ಖಾಲಿ ಆಗೂತನಾ ನಿಂದ್ರತಿದ್ದಿ. ಅದಕ್ಕ ಓಡ್ಯಾರ ಪಾಪ.” ಹುಸೇನ್‌ಬೀ ಕಣ್ಣೊರೆಸಿಕೊಂಡಳು, ನಗುವಿನದೋ ಏನೋ. “ಬಸ್ಸಿನಾಗ ಎಲ್ಲಾರಿಗೂ ಹೋಲ್ಡಾನ್ ಅಂತಿ. ನಿನಗ ನೀ ಒಮ್ಮೆರ ಅಂದೀಯೇನು?”

ಅವಳು ಹೋದ ಮೇಲೆ ಯೋಚಿಸುತ್ತಾ ಮಲಗಿದೆ. ರೆಸ್ಟ್, ರೆಸ್ಟ್ ಅಂತ ಡಾಕ್ಟರಿಗೆ ಹೇಳಿದೆನಲ್ಲ — ಯಾವ ರೆಸ್ಟ್? ನನ್ನ ರೆಸ್ಟು ನಾನ್‌ಸ್ಟಾಪ್ ಬಸ್ಸಿನ ಹಾಗೆ ಎಂದುಕೊಂಡಿದ್ದೆ. ನೋಡಿದರೆ ಕೈ ಮಾಡಿದವರಿಗೆಲ್ಲ ನಿಂತಿದೆ. ಮೋಸಂಬಿಗೆ, ಬ್ರೆಡ್ಡಿಗೆ, ಎಳ್ಳೆಣ್ಣೆಗೆ, ಕೆಮ್ಮಿಗೆ. ಅಕ್ಕಿ ಆರಿಸಿದ್ದು ಕೆಲಸ ಅನಿಸಿತು. ಏಳುವುದು ಕೆಲಸ ಅಂತ ಅನಿಸಿರಲೇ ಇಲ್ಲ. ಅದು ಮರ್ಯಾದೆ. ಮರ್ಯಾದೆಗೂ ಸೊಂಟ ಬೇಕೆಂದು ಯಾರು ಹೇಳಿಕೊಟ್ಟಿದ್ದರು?

ಒಂದು ಮಾತ್ರ ತಿಳಿಯದು. ಅವರು ಬಿಸಿಲಲ್ಲಿ ಕೂತದ್ದು ಮರ್ಯಾದೆಯೋ, ನಾನು ಎದ್ದು ನಿಂತದ್ದು ಮರ್ಯಾದೆಯೋ. ಎರಡೂ ಆಗಿದ್ದರೆ ಇಬ್ಬರಿಗೂ ಯಾಕೆ ಇಷ್ಟು ತ್ರಾಸು?

ಜೂನ್ 16, ಸೋಮವಾರ

ಅತ್ತೆಗೆ ಹೇಳಿದೆ, “ಮಾವನ್ನ ಒಳಗ ಕರೀರಿ. ನಾ ಏಳಂಗಿಲ್ಲ.”

ಅತ್ತೆ ಬಾಗಿಲಿಗೆ ಆತು ಕೂತರು. “ನನಗ ಗೊತ್ತಿತ್ತವ್ವ. ಹೇಳಬ್ಯಾಡ ಅಂದಿದ್ರು. ಹೇಳಿದ್ರ ಆಕಿ ಹೊರಗ ಬಂದು ಕರೀತಾಳ, ಮತ್ತ ನಿಂದ್ರತಾಳ ಅಂತ.” ಮಂಚದ ತುದಿಯ ನನ್ನ ಕಾಲು ನೋಡಿ, “ಆದ್ರ ಅಂಬಿಕಾ... ಮಾವ ಬಂದಾಗ ಸೊಸಿ ಕಾಲು ಚಾಚಿ ಮಲಗೂದು... ನಮ್ಮ ಮಾವ ಇದ್ದಾಗ ನಾ ಮಂಚದ ಮ್ಯಾಗ ಕುಂತಾಕಿ ಅಲ್ಲ. ಬಾಣಂತ್ಯಾಗೂ ಎದ್ದೀನಿ.”

“ಮತ್ತ ಏನ್ ಮಾಡೂಣ್ರಿ?”

“ನನಗೇನ್ ತಿಳಿತೈತಿ? ಕಾಲು ಬಾಗಿಲ ಕಡೆ ಐತಿ. ಅದಾ ಸರಿ ಕಾಣವಲ್ದು. ಮಂಚ ತಿರುವಿ ಹಾಕೂಣ.”

ಮಲ್ಲೇಶ ನನ್ನನ್ನು ಎಬ್ಬಿಸಿ ಗೋಡೆಗೆ ನಿಲ್ಲಿಸಿ ಮಂಚ ತಿರುಗಿಸಿದ. ಅತ್ತೆ ಕೂಗಿದರು. “ಏ ಏ, ತಲಿ ಉತ್ತರಕ್ಕ ಆತಲ್ಲೋ! ಯಮನ ದಾರಿ ಅದು!”

“ನಿನ್ನ ಹೆಸರಾ ಯಮನವ್ವ, ಅವಗ ಯಾಕ ಅಂಜತಿ?”

“ಬಾಯಿ ಮುಚ್ಚಲೇ ಬಾಡ್ಯಾ.”

ಬಾಗಿಲಿರುವ ಉತ್ತರಕ್ಕೆ ಕಾಲು ಚಾಚಿದರೆ ಮಾವನಿಗೆ ಅಮರ್ಯಾದೆ. ಉತ್ತರಕ್ಕೆ ತಲೆ ಇಟ್ಟರೆ ನನಗೆ ಸಾವು. ಕಡೆಗೆ ಅಡ್ಡ ಹಾಕಿದರು, ತಲೆ ಪೂರ್ವಕ್ಕೆ. ಈಗ ಅಡುಗೆಮನೆಗೆ ಹೋಗುವವರು ಬಳಸಿ ಹೋಗಬೇಕು. ಮಂಚದ ಮೂಲೆ ಬಡಿದು ಮಲ್ಲೇಶನ ಮೊಣಕಾಲಿಗೆ ಆಗಲೇ ಬಾವು. ಅವನಿಗೂ ಬೆಲ್ಟ್ ಬೇಕಂತೆ.

ಮಾವನಿಗೆ ಹೇಳಿ ಕಳಿಸಿದೆವು. ಬರಲಿಲ್ಲ. “ಆಕಿ ಏಳ್ತಾಳ. ನನಗ ಗೊತ್ತೈತಿ” ಅಂದರಂತೆ.

ಜೂನ್ 17, ಮಂಗಳವಾರ. ಸಂಜೆ

ಮಳೆ. ಮಸ್ಕಿಯ ಗುಡ್ಡದ ಕಡೆಯಿಂದ ಬಂತು, ದಪ್ಪ ಹನಿ. ಬುಡ್ಡೇಸಾಬ ಅಂಗಡಿ ಮುಚ್ಚಿದ. ಮಾವ ಕಟ್ಟೆಯ ಮೇಲೆ ಕಂಬಳಿಯ ಕೊಪ್ಪೆ ಹಾಕಿಕೊಂಡು ಕೂತಿದ್ದಾರೆ. ಕಿಟಕಿಯಿಂದ ಕಾಣುತ್ತಾರೆ, ನೆನೆದ ಟಗರಿನ ಹಾಗೆ.

ಅತ್ತೆ ಬಾಗಿಲಲ್ಲಿ ನಿಂತು ಕೂಗುತ್ತಿದ್ದಾರೆ, “ಬರ್ರೀ ಒಳಗ! ನೀವೂ ಮಲಗಿದ್ರ ನಾ ಎಷ್ಟು ಮಂದೀನ ನೋಡ್ಲಿ?”

ಮಗ್ಗುಲಲ್ಲಿ ಮಲಗಿ ಬರೆಯುತ್ತಿದ್ದೇನೆ. ಬೇಕೆಂದೇ. ಕೈ ಸುಮ್ಮನಿದ್ದರೆ ಮಂಚಕ್ಕೆ ಊರುತ್ತದೆ, ಊರಿದರೆ ಏಳುತ್ತೇನೆ. ಪೆನ್ನು ಹಿಡಿದ ಕೈ ಊರಲಾಗುವುದಿಲ್ಲ.

ಎದ್ದರು. ಕಿಟಕಿಯಿಂದ ಮರೆಯಾದರು.

ಹೊಸ್ತಿಲಲ್ಲಿ ನೀರು ಕೊಡವಿದ ಸದ್ದು. ಕೆಮ್ಮು.

ಕಾಲು ತಾನೇ ಮಡಿಚಿಕೊಂಡಿತು. ಹೋಲ್ಡಾನ್. ಹೋಲ್ಡಾನ್ ಅಂಬಿಕಾ.

ಇನ್ನೊಂದು ಕೆಮ್ಮು. ಇದು ಕೇಳುವ ಕೆಮ್ಮು. ಏಳುತ್ತೀಯೋ, ವಾಪಸ್ ಹೋಗಲೋ ಅಂತ.

“ಬರ್ರಿ ಮಾವ” ಅಂದೆ. ಮಲಗಿಕೊಂಡೇ. ನನ್ನ ದನಿ ನನಗೇ ಬೇರೆ ಯಾರದೋ ಅನಿಸಿತು. ಸೆರಗು ಮಾತ್ರ ಎಳೆದುಕೊಂಡೆ, ಅಷ್ಟು ಇರಲಿ.

ಬಂದರು. ನನ್ನನ್ನು ನೋಡಲಿಲ್ಲ, ಗೋಡೆ ನೋಡಿದರು. ಮಂಚದ ಮೂಲೆ ಬಳಸಿ ಹೋಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಕಂಬಳಿಯಿಂದ ನೀರು ಇಳಿಯುತ್ತಿದೆ. ಇಬ್ಬರಿಗೂ ಏನು ಮಾಡಬೇಕೋ ತಿಳಿಯುತ್ತಿಲ್ಲ.

“ಏನ್ ಬರಿಯಾಕತ್ತೀಯವ್ವ?”

“ಏನಿಲ್ರಿ ಮಾವ.”

“ಹ್ಞೂಂ. ಬರಿ ಬರಿ.” ಆಚೆ ಈಚೆ ಹುಡುಕುತ್ತಿದ್ದಾರೆ. ಟಿವಿ ಮೇಲೆ, ಕುರ್ಚಿ ಕೆಳಗೆ. “ನ್ಯೂಸಿನ ಹೊತ್ತಾತು... ಆ ರಿಮೋಟ್ ಎಲ್ಲೈತಿ?”

ದಿಂಬಿನ ಕೆಳಗಿದೆ. ನಾನು ತೆಗೆಯಬೇಕೆಂದರೆ ಹೊರಳಿ ಏಳಬೇಕು. ಅವರು ತೆಗೆಯಬೇಕೆಂದರೆ ಸೊಸೆಯ ತಲೆಯ ಹತ್ತಿರ ಬಗ್ಗಿ ಕೈ ಚಾಚಬೇಕು, ಈ ಮನೆಯಲ್ಲಿ ಯಾವ ಮಾವನೂ ಮಾಡಿರದ ಕೆಲಸ.

“ಇಲ್ಲೈತ್ರಿ ಮಾವ, ದಿಂಬಿನ ಕೆಳಗ. ನೀವಾ ತಗೋರಿ” ಅಂದೆ.

ಕುರ್ಚಿ ಕಿರ್ ಅಂದಿತು. ಎದ್ದರು. ಒಂದು ಹೆಜ್ಜೆ ಬಂದು ನಿಂತಿದ್ದಾರೆ, ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತಿದ್ದಾರೆ. ನಾನು ಏಳುತ್ತಿಲ್ಲ. ಬರೆಯುತ್ತಿದ್ದೇನೆ. ಕಂಬಳಿಯ ವಾಸನೆ ಹತ್ತಿರ ಬಂತು. ಈಗ ಬಗ್ಗಿ, ಗೋಡೆ ನೋಡಿಕೊಂಡೇ, ದಿಂಬಿನ ಕೆಳಗೆ ಕೈ ಚಾಚಿದರು.