ಗುಂಟೂರು ಖಾರ

ವೆಲಿಗಾಮ, ಶ್ರೀಲಂಕಾ
೯ ಡಿಸೆಂಬರ್ ೨೦೦೯

ಚನ್ನಬಸಪ್ಪ ಕಾಕಾ ಅವರಿಗೆ, ನಿಮ್ಮ ಅಣ್ಣನ ಮಗ ಶಂಭುಲಿಂಗನ ನಮಸ್ಕಾರಗಳು.

ಮುಲ್ಕಿಯ ಹಾಸ್ಟೆಲಿನಲ್ಲಿದ್ದಾಗ ನಾನೂ ನಿಮ್ಮ ಮಗ ಸಿದ್ದಲಿಂಗೇಶನೂ ಕಲಿತ, ಹಲಗೆಯ ಮೇಲೆ ನಿಂತು ಅಲೆ ಏರುವ ಸರ್ಫಿಂಗ್ ಆಟ ನಮ್ಮನ್ನು ಪರದೇಶಕ್ಕೆ ತಂದಿತು. ಸ್ಪರ್ಧೆ ನಿನ್ನೆ ಮುಗಿಯಿತು.

ಹೊರಡುವ ದಿನ ಬ್ಯಾಡಗಿಯ ಅಂಗಡಿಯಲ್ಲಿ, "ನಿನ್ನ ಹಲಗಿ ನಾ ಕಟ್ಟತೇನಿ, ನೀ ಉಂಡು ಬಾ" ಎಂದಿರಿ. ಇಲ್ಲಿ ಬಿಚ್ಚಿದಾಗ, ಕಾಲು ಜಾರದಂತೆ ಹಲಗೆಗೆ ಬಳಿದಿದ್ದ ಮೇಣ ಕೆಂಪಾಗಿತ್ತು. ಮೆಣಸಿನಕಾಯಿ ವ್ಯಾಪಾರಿಯ ಮನೆಯಲ್ಲಿ ಕೆಂಪಾಗದ್ದು ಏನಿದೆ ಎಂದುಕೊಂಡೆ. ಅಭ್ಯಾಸಕ್ಕೆ ಬರಿಮೈಯಲ್ಲಿ ಅದರ ಮೇಲೆ ಬೋರಲು ಮಲಗಿ ನೀರಿಗಿಳಿದರೆ ಎದೆ, ಹೊಟ್ಟೆ ಬೆಂಕಿಯಾಯಿತು.

ನಮ್ಮ ಬ್ಯಾಡಗಿ ಕಾಯಿ ಬಣ್ಣ ಬಿಡುತ್ತದೆ, ಹೀಗೆ ಸುಡುವುದಿಲ್ಲ, ಕಾಕಾ. ಇದು ಗುಂಟೂರಿನದು. ಅದರ ಚೀಲವಿರುವ ಹಿಂದಿನ ಕೋಣೆಯ ಕೀಲಿ ನಿಮ್ಮ ಉಡಿದಾರದಲ್ಲಿರುತ್ತದೆ.

ಮಗ ಪ್ರತಿ ಸಲ ನನ್ನೆದುರು ಸೋಲುವುದು ನಿಮಗೆ ಸಹಿಸಲಾಗಲಿಲ್ಲ. ಅವನೋ, ನಾನು ಗೆಲ್ಲುವುದು ಹಲಗೆಯ ಗುಣದಿಂದ ಎಂದೇ ನಂಬಿದ್ದ. ಸ್ಪರ್ಧೆಯ ಬೆಳಗ್ಗೆ, "ಶಂಭು, ಇವತ್ತೊಂದಿನ ಹಲಗಿ ಬದ್ಲಿ ಮಾಡೋಣಲೇ" ಅಂದ. ಆ ಮೇಣವನ್ನು ನಾನಿನ್ನೂ ಕೆರೆದು ತೆಗೆದಿರಲಿಲ್ಲ; ಅದನ್ನು ಹೇಳದೆಯೇ ಕೊಟ್ಟೆ.

ಹತ್ತೇ ನಿಮಿಷಕ್ಕೆ ಚೀರುತ್ತ ದಡಕ್ಕೆ ಬಂದ. ನಾನು ಅವನ ಹಲಗೆಯ ಮೇಲೆ ನಿಂತೇ ಕಪ್ ಗೆದ್ದೆ.

ನಿನ್ನೆಯಿಂದ ಅವನ ಎದೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೇನೆ. "ಇದನ್ನ ಯಾರ್ ಮಾಡ್ಯಾರಲೇ?" ಎಂದು ಕೇಳುತ್ತಲೇ ಇದ್ದಾನೆ. ನಾನು ಹೇಳಿಲ್ಲ. ಇದೇ ಇಪ್ಪತ್ತೆಂಟಕ್ಕೆ ನಾವು ಬಂದಿಳಿಯುವಾಗ ಹಾವೇರಿ ಸ್ಟೇಶನ್ನಿಗೆ ನೀವೇ ಬನ್ನಿ. ಉತ್ತರ ನಿಮಗೇ ಬಿಟ್ಟಿದ್ದೇನೆ.

ನಿಮ್ಮ ಮನೆಯವನೇ ಆದ,
ಶಂಭುಲಿಂಗ